ಬಾಗಿಲವರೆಗೆ ಹೋದವಳು

ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಅಂಗಡಿಯಲ್ಲಿ ಎಲ್ಲರಿಗೂ ಅವಳು ಬೈಂಡರ್ ಅಕ್ಕ. ಎಷ್ಟೇ ಸೆಕೆಯಿರಲಿ, ಅಂಗಿಯ ಎಡತೋಳನ್ನು ಮೇಲಕ್ಕೆ ಮಡಚುವುದಿಲ್ಲ. ಅಲ್ಲಿ ಮಣಿಕಟ್ಟಿನ ಮೇಲೆ ಹಗ್ಗದಂತೆ ಉಬ್ಬಿದ ರಕ್ತನಾಳವಿದೆ; ಕಿವಿಯಿಟ್ಟರೆ ಗುಂಯ್‌ಗುಡುತ್ತದೆ.

ಹದಿನಾರನೇ ವಯಸ್ಸಿಗೆ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್‌ಗೆಂದು ಕೈಯ ನಾಳಗಳನ್ನು ಜೋಡಿಸಿದ್ದರು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಮಲಗಬೇಕು. ಪಕ್ಕದ ಮಂಚದಲ್ಲಿ ಬೀಗ ರಿಪೇರಿಯವನ ಮಗ, ಅವಳಿಗಿಂತ ಒಂದು ವರ್ಷಕ್ಕೆ ದೊಡ್ಡವನು. ಎಲ್ಲದಕ್ಕೂ ವಾದಕ್ಕೆ ನಿಲ್ಲುತ್ತಿದ್ದನಾದ್ದರಿಂದ ನರ್ಸ್ ಅವನನ್ನು ಲಾಯರ್ ಎಂದೇ ಕರೆಯುತ್ತಿದ್ದಳು.

"ನೀರು ಕುಡೀಬೇಡ ಅಂದ್ರಿ ಸಿಸ್ಟರ್, ಒಪ್ಪಿದೆ. ಐಸ್ ಕುಡಿಯೋದಲ್ಲ, ಕಡಿಯೋದು."

ಒಂದು ದಿನ ಅವಳ ಕೈಗೆ ಕಿವಿಯಿಟ್ಟು, "ಒಳಗೆ ಗಿರಣಿ ಓಡ್ತಿದೆ ಕಣೇ," ಎಂದ. ಕಿವಿ ತೆಗೆಯಲು ಸುಮಾರು ಹೊತ್ತು ಹಿಡಿಯಿತು. ಅವಳೂ ಕೈ ಎಳೆದುಕೊಳ್ಳಲಿಲ್ಲ.

ಅವಳಿಗೆ ಅಮ್ಮನ ಕಿಡ್ನಿ ಹೊಂದಿತು. ಅವನಿಗೆ ಅಪ್ಪನದು ಹೊಂದಲಿಲ್ಲ, ಅಮ್ಮ ಇರಲಿಲ್ಲ.

"ವಾಸಿಯಾದ್ಮೇಲೆ ಈ ಕಡೆ ತಲೆ ಹಾಕ್ತೀಯಾ?"

"ಬರದೆ ಇರ್ತೀನಾ?"

ಆಪರೇಷನ್ ಆದಮೇಲೆ ಮೂರು ತಿಂಗಳು ಜನರ ಹತ್ತಿರ ಹೋಗಕೂಡದು ಎಂದಿದ್ದರು ಡಾಕ್ಟರು. ನಾಲ್ಕನೆಯ ತಿಂಗಳು ತಪಾಸಣೆ ಮುಗಿಸಿ ಡಯಾಲಿಸಿಸ್ ಕೋಣೆಯವರೆಗೂ ಹೋದಳು. ಬಾಗಿಲ ಗಾಜಿನಲ್ಲಿ ಅವನ ಬೆನ್ನು ಕಂಡಿತು, ಎಲುಬು ಎಣಿಸುವಂತಿತ್ತು. ಬಾಗಿಲನ್ನು ತುಸು ತಳ್ಳಿದಾಗ ಸಂದಿಯಿಂದ ಹಳೆಯ ಔಷಧದ ವಾಸನೆ ಬಂತು. ಒಳಗೆ ಹೋದರೆ ಆ ಮಂಚ ತನ್ನನ್ನು ಮತ್ತೆ ಬಿಡುವುದಿಲ್ಲ ಎನಿಸಿತು.

"ಯಾರದು ಬಾಗಿಲಲ್ಲಿ?" ಎಂದು ಅವನು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅವಳು ಸದ್ದು ಮಾಡದೆ ಮೆಟ್ಟಿಲಿಳಿದಳು.

ಆರು ವಾರ ಕಳೆದು, ಗಟ್ಟಿ ಮನಸ್ಸು ಮಾಡಿ ಹೋದರೆ ಆ ಮಂಚದಲ್ಲಿ ಯಾರೋ ಮುದುಕರು ಮಲಗಿದ್ದರು. ನರ್ಸ್ ಅವಳನ್ನು ಪಕ್ಕಕ್ಕೆ ಕರೆದಳು.

"ಹೋಗಿ ಹದಿನೈದು ದಿನ ಆಯ್ತಮ್ಮ. ಅವತ್ತು ಬಂದಿದ್ದು ನೀನೇ ಅಂತ ವಾದ ಮಾಡ್ದ. ನೀನು ಮೆಟ್ಟಿಲಿಳಿಯೋದು ನಾನು ನೋಡಿದ್ದೆ, ಆದ್ರೂ ಇಲ್ಲಪ್ಪ, ಬೇರೆ ಯಾರೋ ಅಂದುಬಿಟ್ಟೆ. ನೊಂದ್ಕೋತಾನೆ ಅಂತ."

ಅವಳು ಅದೇ ಮೆಟ್ಟಿಲಿಳಿದು ಮನೆಗೆ ಬಂದಳು.

ನಂತರ ಕೆಲಸ ಕಲಿತಳು, ತನ್ನ ಕಾಲ ಮೇಲೆ ನಿಂತಳು. ಕೈಯ ನಾಳವನ್ನು ಮುಚ್ಚಿಬಿಡೋಣ ಎಂದು ಡಾಕ್ಟರು ಹೇಳಿದಾಗ ಬೇಡ ಎಂದಳು. ನಿದ್ದೆಯಲ್ಲಿ ಎಡಗೈ ತಲೆಯಡಿಗೆ ಬಂದರೆ ಆ ಗುಂಯ್ ಸದ್ದಿಗೆ ಈಗಲೂ ಎಚ್ಚರವಾಗುತ್ತದೆ.

ಇಪ್ಪತ್ತೈದು ತುಂಬಿದ ವರ್ಷ ಬೀಗ ರಿಪೇರಿಯವರ ಅಂಗಡಿ ಹುಡುಕಿಕೊಂಡು ಹೋದಳು. "ಆಸ್ಪತ್ರೇಲಿ ನಿಮ್ಮ ಮಗನ ಪಕ್ಕದಲ್ಲಿದ್ದೆ," ಎಂದಳು. ಅವರು ಬೀಗದ ಕೈ ಉಜ್ಜುತ್ತಿದ್ದ ಅರ ಕೆಳಗಿಟ್ಟು, ಸ್ಟೂಲು ಒರೆಸಿ ಕೂರಿಸಿದರು.

"ಅಲ್ಲಿ ಅವನು ಮಾತಾಡ್ತಿದ್ನಾಮ್ಮ? ಮನೇಲಿ ಬಾಯೇ ಬಿಡ್ತಿರ್ಲಿಲ್ಲ."

ಅವಳು ಮಧ್ಯಾಹ್ನದವರೆಗೆ ಹೇಳಿದಳು. ಮುದುಕರು ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. "ಇಷ್ಟು ಜ್ಞಾಪಕ ಇಟ್ಕೊಂಡಿದ್ದೀಯಲ್ಲ, ನಿನ್ನಂಥವಳು ಜೊತೆಗಿದ್ದಳಲ್ಲ, ಸಾಕು ನನಗೆ," ಎಂದರು.

ಗಾಜಿನ ಬಾಗಿಲಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ. ತಿಂಗಳಿಗೊಮ್ಮೆ ಈಗಲೂ ಹೋಗುತ್ತಾಳೆ. ಅವರು ಅವಳನ್ನು ಮಗಳೇ ಎನ್ನುತ್ತಾರೆ.