ಜುಬೀರನ ಬಲಗಿವಿ

ತಾಮ್ರದ ಹಾಳೆ ಬಡಿದು ತಟ್ಟೆ, ಹೂಜಿ, ಕೂಸ್‌ಕೂಸ್ ಬೇಯಿಸುವ ಪಾತ್ರೆ ಮಾಡುವ ಜುಬೀರನಿಗೆ ಮೂವತ್ತಾರು ವರ್ಷ. ಅಲ್ಜೀರಿಯದ ಕಾನ್ಸ್ತಾಂತೀನ್ ಊರಿನ ಹಳೇ ಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಅಂಗಡಿ, ಅಂಗಡಿಯ ಮೇಲೇ ಮನೆ, ಮನೆಯಲ್ಲಿ ತಾಯಿ ಯಮೀನಾ. ಮದುವೆಯ ಮಾತೆತ್ತಿದರೆ, "ಈ ಈದ್ ಒಂದು ಕಳೀಲಿ ಯಮ್ಮಾ" ಅನ್ನುತ್ತಿದ್ದ. ಹಾಗೆ ಎಷ್ಟು ಈದ್ ಕಳೆದಿದ್ದವು ಅನ್ನೋದು ಯಮೀನಾಗೆ ಮಾತ್ರ ಗೊತ್ತು.

ವಾರದ ಆರು ದಿನ ಸುತ್ತಿಗೆ. ಶುಕ್ರವಾರ ಮಾತ್ರ ಮಧ್ಯಾಹ್ನದ ನಮಾಜು ಮುಗಿಸಿ, ತಾಯಿ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡು ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತನೆಂದರೆ ಮುಗೀತು. ಸಂಜೆಯ ಬಾಂಗ್ ಆಗುವವರೆಗೆ ಅವನು ಪೇಟೆಗೂ ಇಲ್ಲ, ತಾಯಿಗೂ ಇಲ್ಲ. ಅದೇ ಹೊತ್ತಿಗೆ ಇನ್ನೂ ಮೂರು ಕಡೆ ಮೂರು ಟಿವಿಗಳು ಹೊತ್ತಿಕೊಳ್ಳುತ್ತಿದ್ದವು. ಸಹರಾದ ಎಣ್ಣೆಬಾವಿಗಳ ಹತ್ತಿರ ಕ್ರೇನ್ ನಡೆಸುವ ಲುತ್ಫಿಯದು ಒಂದು. ಅವನಿಗೆ ನಾಲ್ಕು ವಾರ ಮರಳುಗಾಡಿನ ಕ್ಯಾಂಪು, ನಾಲ್ಕು ವಾರ ಊರು. ಊರಾಚೆಯ ಹೊಸ ಬಡಾವಣೆಯಲ್ಲಿ ಲೆಕ್ಕದ ಮೇಷ್ಟ್ರಾದ ನಾಸರನದು ಇನ್ನೊಂದು. ಸೆತೀಫಿನಲ್ಲಿ ಬೇಕರಿ ಇಟ್ಟ ಮಬ್ರೂಕನದು ಮತ್ತೊಂದು. ನಾಲ್ವರೂ ಒಂದೇ ಓಣಿಯಲ್ಲಿ ಚಡ್ಡಿ ಹರಿದುಕೊಂಡು ಬೆಳೆದವರು. ಈಗ ನಾಲ್ವರದೂ ಸೇರಿ ಒಂದು ದಂಡು. ಆನ್‌ಲೈನ್ ವಿಡಿಯೋ ಆಟದೊಳಗಿನ ಪಾಳುಬಿದ್ದ ದ್ವೀಪಕ್ಕೆ ಇಳಿದು, ಬೇರೆ ಬೇರೆ ದಂಡುಗಳನ್ನು ಹುಡುಕಿ ಹೊಡೆಯೋದು, ಕೊನೆಗೆ ಉಳಿದವರು ಗೆದ್ದ ಹಾಗೆ.

ಈ ಆಟದಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಎದುರಾಳಿ ಕಾಣಿಸುವ ಮೊದಲು ಅವನ ಹೆಜ್ಜೆ ಕೇಳಿಸುತ್ತದೆ. ಎಡಗಡೆಯಿಂದ ಬಂದರೆ ಎಡಗಿವಿಗೆ, ಬಲಗಡೆಯಿಂದ ಬಂದರೆ ಬಲಗಿವಿಗೆ. ಜುಬೀರನ ಗ್ರಹಚಾರ ಇದ್ದದ್ದು ಅಲ್ಲೇ.

"ಲೋ ಜುಬೀರ್, ಎಡಕ್ಕೆ ಕಣೋ, ಎಡಕ್ಕೆ! ಹಿಂಡು ಹಿಂಡಾಗಿ ಓಡಿಬರ್ತಿದಾರೆ, ನೀನು ಗೋಡೆ ನೋಡ್ಕೊಂಡು ನಿಂತಿದ್ದೀಯಲ್ಲೋ!" ಅಂತ ಮಬ್ರೂಕ್ ಅರಚುತ್ತಿದ್ದ.

"ಗೋಡೆಗೆ ತಾಮ್ರದ ತಟ್ಟೆ ಮಾರ್ತಿದಾನೆ ಬಿಡು," ಅನ್ನುತ್ತಿದ್ದ ನಾಸರ್.

"ಹೆಡ್‌ಸೆಟ್ ಹಾಳಾಗಿದೆ ಕಣ್ರೋ. ಅಗ್ಗದ್ದು," ಅನ್ನುತ್ತಿದ್ದ ಜುಬೀರ್. ಎರಡು ವರ್ಷದಿಂದ ಇದೇ ಉತ್ತರ.

ಹೆಡ್‌ಸೆಟ್ಟಿಗೇನೂ ಆಗಿರಲಿಲ್ಲ. ಜುಬೀರನಿಗೆ ಹನ್ನೊಂದನೇ ವಯಸ್ಸಿನಿಂದ ಈಚೆಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಪ್ರವಾದಿಯ ಹುಟ್ಟುಹಬ್ಬದ ಸಂಜೆ, ಓಣಿಯ ಹುಡುಗರೆಲ್ಲ ಪಟಾಕಿ ಹೊಡೆಯುತ್ತಿದ್ದಾಗ, ಒಂದು ಪಟಾಕಿ ಅವನ ಕಿವಿಯ ಪಕ್ಕದಲ್ಲೇ ಸಿಡಿದಿತ್ತು. ಎಸೆದವನು ಲುತ್ಫಿ. ಎಸೆದವನಿಗೆ ಅದು ಯಾರಿಗೆ ತಾಗಿತೆಂದು ಕಾಣಿಸಿರಲಿಲ್ಲ. ನಗುತ್ತಾ ಮೂಲೆ ತಿರುಗಿ ಓಡಿಹೋಗಿದ್ದ. ಜುಬೀರ್ ಅವನನ್ನು ಕಂಡಿದ್ದ. ತಾಯಿ ಅವನ ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವಾಗ, "ಯಾರೋ ಎಸೆದದ್ದು? ಹೇಳೋ, ಅವರಪ್ಪನ ಮನೆ ಮುಂದೆ ಹೋಗಿ ನಿಂತ್ಕೋತೀನಿ" ಅಂತ ದಾರಿಯುದ್ದಕ್ಕೂ ಕೇಳಿದ್ದಳು. ಲುತ್ಫಿಯ ಅಪ್ಪ ಬೆಲ್ಟಿನ ಮನುಷ್ಯ ಅಂತ ಇಡೀ ಓಣಿಗೆ ಗೊತ್ತಿತ್ತು. "ಕತ್ತಲಾಗಿತ್ತು, ನೋಡ್ಲಿಲ್ಲ" ಅಂದುಬಿಟ್ಟ ಹುಡುಗ. ಆಮೇಲೆ ಗೆಳೆಯರಿಗೂ ಕಿವಿಯ ವಿಷಯ ಹೇಳಲಿಲ್ಲ. ಹೇಳಿದರೆ ಯಾವ ಪಟಾಕಿ, ಯಾವ ಹಬ್ಬ ಅಂತ ಮಾತು ಬೆಳೆಯುತ್ತದೆ. ಯಾವಾಗಲೂ ಜನರ ಎಡಕ್ಕೆ ನಡೆಯೋದು, ಕಾಫಿ ಅಂಗಡಿಯಲ್ಲಿ ಎಡಗಡೆ ಗೋಡೆ ಇರುವ ಜಾಗ ಹಿಡಿಯೋದು ರೂಢಿಯಾಯಿತು. ಹಾಗೇ ಇಪ್ಪತ್ತೈದು ವರ್ಷ ಸಾಗಿತ್ತು.

ಆದರೆ ಆಟದಲ್ಲಿ ಎಡಕ್ಕೆ ನಡೆಯಲು ಬರುವುದಿಲ್ಲ. ಗೆಳೆಯರ ಬೈಗುಳ ಜಾಸ್ತಿಯಾದ ಮೇಲೆ ಒಳ್ಳೇ ಹೆಡ್‌ಸೆಟ್ಟನ್ನೇ ಕೊಳ್ಳೋಣ ಅಂತ ಹೊರಟ. ಕೆಳಪೇಟೆಯ ಒಂದು ಅಂಗಡಿಯವನು ಕಾಲು ಕೆ.ಜಿ. ತೂಗುವಂಥದ್ದನ್ನು ತಲೆಗೆ ತೊಡಿಸಿದ. "ಎಂಟು ದಿಕ್ಕಿನ ಸದ್ದು ಅಣ್ಣಾ! ಹಿಂದಿನಿಂದ ಬೆಕ್ಕು ಬಂದ್ರೂ ಗೊತ್ತಾಗುತ್ತೆ!" ಜುಬೀರನಿಗೆ ಎಂಟರಲ್ಲಿ ನಾಲ್ಕು ದಿಕ್ಕು ಮಾತ್ರ ಕೇಳಿಸಿತು. ಆದರೂ ನಾಚಿಕೆಗೆ ಕೊಂಡುತಂದ. ಆ ಶುಕ್ರವಾರ ಮೊದಲ ಸುತ್ತಿನಲ್ಲೇ, ಎಡಗಡೆಯಿಂದ ಬಂದ ಒಬ್ಬನೇ ಒಬ್ಬ ಇವನನ್ನು ಮುಗಿಸಿದ. ಮಾರನೆಯ ದಿನ ಅದನ್ನು ಹಿಂದಕ್ಕೆ ಕೊಟ್ಟ. ಇನ್ನೊಂದು ಅಂಗಡಿಯಲ್ಲಿ ಮೆತ್ತನೆಯ ಚರ್ಮದ್ದು, ಮತ್ತೊಂದರಲ್ಲಿ ಕೆಂಪು ದೀಪ ಉರಿಯುವಂಥದ್ದು ನೋಡಿದ. "ದೀಪ ಯಾಕಪ್ಪಾ? ಕಿವಿಗೆ ಕತ್ತಲೆ ಅಂದ್ರೆ ಭಯವಾ?" ಅಂತ ಕೇಳಿ, ಅಲ್ಲಿಂದಲೂ ಬರಿಗೈಲಿ ಬಂದ.

ಕೊನೆಗೆ ಹೋದದ್ದು ವಸೀಲಾಳ ಅಂಗಡಿಗೆ. ಫೋನು, ಕನ್ಸೋಲು ರಿಪೇರಿ ಮಾಡುವ ಕಿಂಡಿಯಂಥ ಅಂಗಡಿ. ಎರಡು ಮಕ್ಕಳ ತಾಯಿ, ಮಾತು ಚುರುಕು. ಅವನು ಹೆಡ್‌ಸೆಟ್ ಬೇಕು ಅಂದಾಗ ಅವಳು ಕೆಳಗೆ ಬಗ್ಗಿ ಡಬ್ಬ ಹುಡುಕುತ್ತಲೇ ಏನೋ ಕೇಳಿದಳು. ಅವನು "ಹೂಂ" ಅಂದ. ಅವಳು ಎದ್ದು ನಿಂತು ಅವನ ಮುಖ ನೋಡಿದಳು.

"ಅಣ್ಣಾ, ನಾನು ಕೇಳಿದ್ದು ನಿಮ್ಮ ಟಿವಿ ಎಷ್ಟು ಹಳೇದು ಅಂತ. ನೀವು ಹೂಂ ಅಂದ್ರಿ."

ಜುಬೀರ್ ನಕ್ಕುಬಿಟ್ಟ.

"ಎಡಗಿವಿನಾ?"

"...ಹೌದು."

"ಅಂಗಡಿ ಒಳಗೆ ಬಂದಾಗಲೇ ಅಂದ್ಕೊಂಡೆ. ತಲೆ ಹೀಗೆ ತಿರುಗಿಸ್ಕೊಂಡು ಬಂದ್ರಿ, ಬಾನೊಳಗೆ ಹದ್ದು ಹುಡುಕೋ ಹಾಗೆ." ಅವಳು ಒಂದು ಡಬ್ಬ ತೆಗೆದಳು. ಅದರೊಳಗಿದ್ದದ್ದು ಹೆಡ್‌ಸೆಟ್ಟಿನ ಅರ್ಧ. ಒಂದೇ ಕಿವಿಗೆ ಒಂದು ಮೆತ್ತೆ, ಬಾಯಿಯ ಹತ್ತಿರ ಕಡ್ಡಿಯಂಥ ಮೈಕು. "ಆರು ವರ್ಷ ಫೋನ್ ಕಂಪನಿಯಲ್ಲಿ ಕೂತು, ಇಂಥದ್ದೇ ಒಂದನ್ನ ಹಾಕ್ಕೊಂಡು ಜನರ ಬೈಗುಳ ಕೇಳಿದೋಳು ನಾನು. ಒಂದು ಕಿವಿಗೆ ಒಂದು ಸಾಕು. ಕನ್ಸೋಲಿನ ಸೆಟಿಂಗ್ಸಿನಲ್ಲಿ ಎರಡೂ ಕಡೆ ಸದ್ದನ್ನ ಒಂದಕ್ಕೇ ಸೇರಿಸೋ ಜಾಗ ಇದೆ. ತೋರಿಸ್ತೀನಿ ಬನ್ನಿ. ಎಲ್ಲಾ ಸದ್ದೂ ಕೇಳಿಸುತ್ತೆ. ಯಾವ ಕಡೆಯಿಂದ ಬಂತು ಅಂತ ಮಾತ್ರ ಗೊತ್ತಾಗಲ್ಲ. ಅದಕ್ಕೆ ಗೆಳೆಯರನ್ನ ಕೇಳಿ."

"ಅವರಿಗೆ ಗೊತ್ತಿಲ್ಲ."

"ಎಷ್ಟು ದಿನದ ಗೆಳೆಯರು?"

"ಹುಟ್ಟಿದಾಗಿಂದ."

"ಹಾಗಾದ್ರೆ ಅವರ ಕಿವೀನೂ ಒಂದ್ಸಲ ಪರೀಕ್ಷೆ ಮಾಡಿಸಿ," ಅಂದಳು ವಸೀಲಾ.

ಆ ಅರ್ಧ ಹೆಡ್‌ಸೆಟ್ಟು ಹಾಕಿಕೊಂಡು ಕೂತ ಮೊದಲ ಶುಕ್ರವಾರ ಜುಬೀರನಿಗೆ ಹಬ್ಬ. ಹುಲ್ಲು ಸರಿದಾಡೋದು, ಯಾರೋ ಏಣಿ ಹತ್ತೋದು, ದೂರದ ಬಾಗಿಲು ಕಿರುಗುಟ್ಟೋದು, ಇಷ್ಟು ದಿನ ಅರ್ಧಕ್ಕರ್ಧ ತಪ್ಪಿಹೋಗುತ್ತಿದ್ದ ಸದ್ದುಗಳೆಲ್ಲ ಬಲಗಿವಿಗೆ ಬಂದು ಬಿದ್ದವು. "ಇದೇನೋ, ಇವತ್ತು ಎಚ್ಚರ ಆಗಿದ್ದೀಯ!" ಅಂದ ನಾಸರ್. ಅಷ್ಟರಲ್ಲಿ ಯಮೀನಾ ಪುದೀನ ಚಹಾದ ತಟ್ಟೆ ಹಿಡಿದು ಒಳಗೆ ಬಂದಳು. ಮಗನ ತಲೆಯ ಮೇಲಿನ ಹೊಸ ಸಾಮಾನು ನೋಡಿ ನಿಂತಳು. ಮೈಕಿನಾಚೆ ಮೂರು ಮನೆ ಇವೆ ಅನ್ನೋದು ಅವಳ ತಲೆಗೆ ಯಾವತ್ತೂ ಹೋಗಿರಲಿಲ್ಲ.

"ಇದೇನೋ ಒಂದೇ ಕಿವಿಗೆ? ಅಂಗಡಿಯವನು ಟೋಪಿ ಹಾಕಿದ್ನೇನೋ? ಹಾಂ, ಬಲಗಡೆಗೇ ಹಾಕಿದ್ದೀಯಾ, ಸದ್ಯ. ಆ ಎಡಗಿವಿ ಹಬ್ಬದ ಪಟಾಕಿಗೆ ಹೋಯ್ತಲ್ಲ, ಅದಕ್ಕೆ ಚಿನ್ನದ್ದೇ ಹಾಕಿದ್ರೂ ಏನು ಬಂತು! ಎಸೆದೋನ ಕೈ ಸೇದಿಹೋಗ ಅಂತ ಅವತ್ತಿಂದ ಶಾಪ ಹಾಕ್ತಾನೇ ಇದ್ದೀನಿ."

ಜುಬೀರ್ ಮೈಕಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಟದೊಳಗೆ ಮೂವರೂ ನಿಂತಲ್ಲೇ ನಿಂತರು. ಯಾರೋ ಬಂದು ಮಬ್ರೂಕನನ್ನು ಹೊಡೆದುಹಾಕಿದರು. ಅವನು ಕೂಗಲೂ ಇಲ್ಲ.

"ಯಾವ ಹಬ್ಬದ ಪಟಾಕಿ?" ಅಂದ ಲುತ್ಫಿ.

"ಬಿಡೋ, ಹಳೇ ಮಾತು."

"ನಿಮ್ಮ ಮನೆ ಮುಂದಿನ ಮೆಟ್ಟಿಲು ಹತ್ರಾನಾ? ನಾವು ಐದನೇ ಕ್ಲಾಸಿನಲ್ಲಿದ್ದಾಗ?"

ಪರದೆಯ ಮೂಲೆಯಲ್ಲಿ ಲುತ್ಫಿಯ ಹೆಸರು ಆರಿಹೋಯಿತು.

ಮುಂದಿನ ಶುಕ್ರವಾರ ಮೂವರೇ ಆಡಿದರು. ಲುತ್ಫಿ ಫೋನೂ ಎತ್ತಲಿಲ್ಲ. ಜುಬೀರನಿಗೆ ವಾರವಿಡೀ ಸುತ್ತಿಗೆ ಏಟು ನೇರ ಬೀಳಲಿಲ್ಲ. ಮದುಮಗಳಿಗೆ ಕೊಡುವ ದೊಡ್ಡ ತಟ್ಟೆಯೊಂದರ ಅಂಚನ್ನು ಎರಡು ಸಲ ಬಡಿದು ಸರಿಮಾಡಬೇಕಾಯಿತು. ಅದರಾಚೆಯ ಶುಕ್ರವಾರ, ಊಟದ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಮರಳುಗಾಡಿನಿಂದ ರಜೆಗೆ ಬಂದ ಲುತ್ಫಿ, ಬಿಸಿಲಿಗೆ ಮೂಗು ಸುಲಿದುಕೊಂಡು, ಕಂಕುಳಲ್ಲಿ ದೊಡ್ಡ ಡಬ್ಬ ಇಟ್ಟುಕೊಂಡು ನಿಂತಿದ್ದ.

ಒಳಗೆ ಬಂದವನೇ ಯಮೀನಾಳ ಮುಂದೆ ನಿಂತ. "ಖಾಲಾ, ನೀವು ಶಾಪ ಹಾಕ್ತಿರೋ ಕೈ ಇದೇ." ಬಲಗೈ ಮುಂದೆ ಚಾಚಿದ.

ಯಮೀನಾ ಅವನ ಕೈ ನೋಡಿದಳು, ಮಗನ ಮುಖ ನೋಡಿದಳು. ಹದಿನೈದು ವರ್ಷ ತನ್ನ ಅಡುಗೆಮನೆಯಲ್ಲಿ ತಿಂದು ಬೆಳೆದ ಕೈ ಅದು. ಚಟೀರನೆ ಒಂದು ಬಾರಿಸಿದಳು.

"ಮೂರ್ಖ! ಅವತ್ತೇ ಬಂದು ಹೇಳಿದ್ರೆ ಅವತ್ತೇ ಹೊಡೆದು ಮುಗಿಸ್ತಿದ್ನಲ್ಲೋ. ಇಷ್ಟು ವರ್ಷ ಸುಮ್ನೆ ನನ್ನ ಬಾಯಿ ನೋಯಿಸಿದ್ರಿ ಇಬ್ರೂ. ಕೂತ್ಕೋ, ಊಟ ಆರ್ತಿದೆ."

ಲುತ್ಫಿ ಕೂತ. ಎರಡು ತುತ್ತು ತಿಂದವನು ಕಣ್ಣೊರೆಸಿಕೊಂಡ. "ನೀನ್ಯಾಕೆ ಹೇಳ್ಲಿಲ್ಲ?" ಅಂತ ಜುಬೀರನನ್ನು ಕೇಳಿದ.

"ನಿಮ್ಮಪ್ಪನ ಬೆಲ್ಟು ನೆನಪಿದೆಯಾ?"

"ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತಲ್ಲೋ."

"ಅಷ್ಟೊತ್ತಿಗೆ ಹೇಳೋಕೆ ತಡ ಆಗಿತ್ತು. ಮೆಣಸಿನಕಾಯಿ ತಿಂದ್ಯಾ, ಕಣ್ಣಲ್ಲಿ ನೀರು?"

"ಹೂಂ, ಮೆಣಸಿನಕಾಯೇ," ಅಂದ ಲುತ್ಫಿ.

ಡಬ್ಬ ಬಿಚ್ಚಿದರೆ, ದುಬಾರಿ ಹೆಡ್‌ಸೆಟ್ಟು. ಎರಡು ಕಿವಿಯದ್ದು! ಜುಬೀರ್ ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ತಡೆದುಕೊಂಡ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಿವಿ ಹೋಗಿದೆ ಅಂತ ಗೊತ್ತಾದ ಮೇಲೂ ಎರಡು ಕಿವಿಯದ್ದು ತಂದಿದ್ದೀಯಲ್ಲೋ, ಪುಣ್ಯಾತ್ಮ!" ಲುತ್ಫಿಗೆ ಆಗಲೇ ಹೊಳೆದದ್ದು. ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೇದು ಕೊಡಿ ಅಂತ ಕೇಳಿ ಎತ್ತಿಕೊಂಡು ಬಂದಿದ್ದನಂತೆ.

ಅವತ್ತು ಮಧ್ಯಾಹ್ನ ಇಬ್ಬರೂ ಕೂತು ದಿಕ್ಕಿನ ಸಮಸ್ಯೆ ಬಗೆಹರಿಸಿದರು. ಎಡ, ಬಲ ಅಂದರೆ ಯಾರ ಎಡ, ಯಾರ ಬಲ ಅಂತ ಗೊಂದಲ. ಅದಕ್ಕೇ ಹೆಸರಿಟ್ಟುಕೊಂಡರು: ಆಟದ ನಕ್ಷೆಯ ಮೇಲಿನ ತುದಿ ಹಮ್ಮಾಮ್, ಅಂದರೆ ಸಾರ್ವಜನಿಕ ಸ್ನಾನದ ಮನೆ, ಕೆಳಗಿನ ತುದಿ ಹಳೇ ಬಾವಿ, ಒಂದು ಪಕ್ಕ ಸೇತುವೆ, ಇನ್ನೊಂದು ಪಕ್ಕ ಶಾಲೆ. ನಾಲ್ಕೂ ಅವರ ಓಣಿಯವೇ. ನಾಲ್ವರಿಗೂ ನಿದ್ದೆಯಲ್ಲಿ ಕೇಳಿದರೂ ಬರುವಂಥವು. ಮುಂದಿನ ವಾರದಿಂದ ಹೆಜ್ಜೆ ಸದ್ದಾದರೆ ಸಾಕು, ಲುತ್ಫಿ "ಶಾಲೆ ಕಡೆ, ಇಬ್ರು!" ಅಂತ ಕೂಗುತ್ತಿದ್ದ. ಜುಬೀರ್ ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗುತ್ತಿದ್ದ. ಒಂದು ಸಲ ಸೋತ ದಂಡಿನವನೊಬ್ಬ, ಯಾವ ಊರಿನವನೋ, ಕೊನೆಯಲ್ಲಿ ಮೈಕಿನಲ್ಲಿ ಕೇಳಿದನಂತೆ: "ಅಣ್ಣಂದಿರಾ, ಇಡೀ ದ್ವೀಪ ಹುಡುಕಿದ್ವಿ, ಆ ಹಮ್ಮಾಮ್ ಎಲ್ಲಿದೆ ಹೇಳ್ರಪ್ಪಾ!"

ದುಬಾರಿ ಹೆಡ್‌ಸೆಟ್ಟು ಯಮೀನಾಳ ಪಾಲಾಯಿತು. ಧಾರಾವಾಹಿ ನೋಡಲಿ ಅಂತ ಟಿವಿಗೆ ಸಿಗಿಸಿಕೊಟ್ಟರು. ಒಂದು ಶುಕ್ರವಾರ ಅದನ್ನು ತೆಗೆಯದೇ ಮಗನ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದಳು. ಗೆಳೆಯರ ಮಾತು ಜುಬೀರನ ಕಿವಿಗೆ ಬಂದರೆ, ಆಟದ ಸದ್ದು ಟಿವಿಯಿಂದ ಅವಳ ಎರಡೂ ಕಿವಿಗೆ ಹೋಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಮಗನ ಎಡ ಪಕ್ಕೆಗೆ ತಿವಿದಳು.

"ಈ ಕಡೆ ಯಾರೋ ಓಡಿಬಂದ್ರು ಕಣೋ. ಶೂ ಹಾಕ್ಕೊಂಡಿದಾರೆ."

ಜುಬೀರ್ ತಿರುಗಿ ಹೊಡೆದ. ಓಡಿಬಂದವನು ಬಿದ್ದ.

"ಯಾರೋ ಅದು ಹೇಳಿದ್ದು? ನಮಗ್ಯಾರಿಗೂ ಕೇಳಿಸ್ಲೇ ಇಲ್ಲ!" ಅಂದ ಮಬ್ರೂಕ್.

ಅವತ್ತಿನಿಂದ ಬಟಾಣಿ, ಬೀನ್ಸು, ಬೆಳ್ಳುಳ್ಳಿ, ಏನೇ ಬಿಡಿಸುವುದಿದ್ದರೂ ಯಮೀನಾ ಶುಕ್ರವಾರಕ್ಕೇ ಇಟ್ಟುಕೊಳ್ಳತೊಡಗಿದಳು.

ಚಳಿಗಾಲದಲ್ಲಿ ಹೊಸ ಬಡಾವಣೆಯ ಒಂದು ಕಾಫಿ ಅಂಗಡಿಯವರು ಪಂದ್ಯ ಇಟ್ಟರು. ಲುತ್ಫಿ ರಜೆಯಲ್ಲಿದ್ದ, ಮಬ್ರೂಕ್ ಬೇಕರಿಯನ್ನು ಭಾವಮೈದುನನಿಗೆ ಒಪ್ಪಿಸಿ ಬಸ್ಸು ಹತ್ತಿ ಬಂದ. ನಾಲ್ವರ ಹಿಂದೆ ಐದನೆಯ ಕುರ್ಚಿ ಎಳೆದುಕೊಂಡು ಯಮೀನಾ ಕೂತದ್ದು ನೋಡಿ ಅಂಗಡಿಯವನು ಓಡಿಬಂದ. "ಅಮ್ಮಾ, ಒಂದು ದಂಡಿಗೆ ನಾಲ್ಕೇ ಜನ."

"ನಾನೆಲ್ಲಪ್ಪಾ ಆಡ್ತಿದ್ದೀನಿ? ಕೇಳಿಸ್ಕೋತಿದ್ದೀನಿ ಅಷ್ಟೆ," ಅಂದಳು ಯಮೀನಾ, ಹೆಡ್‌ಸೆಟ್ಟನ್ನು ತಲೆವಸ್ತ್ರದ ಮೇಲೆ ಸರಿಮಾಡಿಕೊಳ್ಳುತ್ತಾ. ಅಂಗಡಿಯವನು ವಾಪಸು ಹೋಗಿ ಅವಳಿಗೊಂದು ಲೋಟ ಚಹಾ ಕಳಿಸಿದ.

ಎರಡು ಸುತ್ತು ಗೆದ್ದರು. ಮೂರನೆಯದರಲ್ಲಿ ಮಬ್ರೂಕ್ ಸೇತುವೆ ಕಡೆ ಅನ್ನುವುದಕ್ಕೆ ಬಾವಿ ಕಡೆ ಅಂದುಬಿಟ್ಟ, ನಾಲ್ವರೂ ಒಟ್ಟಿಗೇ ಹೋಗಿ ಎದುರಾಳಿಗಳ ನಡುವೆ ಬಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ ನಾಸರ್ ಅವನಿಗೆ ಪಾಠ ಮಾಡುತ್ತಿದ್ದ. ಮಬ್ರೂಕ್, "ಸೆತೀಫಿಗೆ ಹೋಗಿ ಹದಿನಾಲ್ಕು ವರ್ಷ ಆಯ್ತಲ್ರೋ, ಓಣಿ ಮರೆತುಹೋಯ್ತು" ಅಂತ ಗೋಗರೆಯುತ್ತಿದ್ದ. "ಹಾಗಾದ್ರೆ ಇವತ್ತು ಇಲ್ಲೇ ಉಳ್ಕೋ," ಅಂದಳು ಯಮೀನಾ. "ನಾಳೆ ಬೆಳಿಗ್ಗೆ ಕೈ ಹಿಡ್ಕೊಂಡು ಬಾವಿ, ಸೇತುವೆ ಎಲ್ಲಾ ತೋರಿಸ್ತೀನಿ. ಬರೋವಾಗ ಪೇಟೆಯಿಂದ ತರಕಾರಿ ಹೊತ್ಕೊಂಡು ಬರುವಿಯಂತೆ."