ಹದಿನೇಳನೇ ಚೌಕದ ಒರತೆ

ಕಾಲೇಜಿನ ಹಿಂದಿನ ಕಲ್ಲುದಿಬ್ಬದ ಮೇಲೆ ನಲವತ್ತು ಚೌಕಗಳಿವೆ. ಒಂದೊಂದೂ ಒಂದು ಮೀಟರು ಉದ್ದ, ಅಷ್ಟೇ ಅಗಲ. ನಾಲ್ಕು ಮೂಲೆಗೆ ಗೂಟ, ಸುತ್ತ ಹಗ್ಗ. ಹನ್ನೊಂದು ವರ್ಷದಿಂದ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ತರಗೆಲೆ ಎತ್ತಿ, ಕೆಳಗಿರುವ ಹುಳಹುಪ್ಪಟೆ ಎಣಿಸುತ್ತ ಬಂದವಳಿಗೆ ಇಟ್ಟ ಹೆಸರು ಮರೆತೇಹೋಗಿ ಚೌಕದಕ್ಕ ಎಂಬುದೇ ಉಳಿದಿದೆ. ಬಸ್ಸು ಓಡಿಸುವ ಗಂಡನೂ ಹಾಗೇ ಕರೆಯುತ್ತಾನೆ. ಹುಳ ಎಣಿಸುವುದಕ್ಕೂ ಆಳಿಟ್ಟುಕೊಳ್ಳುವ ಪುಣ್ಯಾತ್ಮರಿದ್ದಾರಲ್ಲ ಎಂದು ಅವನಿಗೆ ಇವತ್ತಿಗೂ ಸೋಜಿಗ.

ಈ ಎಣಿಕೆ ಯಾತಕ್ಕೆ ಎಂದು ಕೇಳಿದರೆ ಅವಳು ಉದ್ದುದ್ದ ಹೇಳುವವಳಲ್ಲ. ಒಂದೇ ದಿಬ್ಬ, ಒಂದೇ ಮಳೆ. ಆದರೂ ಬಂಡೆಯ ನೆರಳಿನ ಸಂಸಾರವೇ ಬೇರೆ, ಬಿಸಿಲಿಗೆ ಬಿದ್ದ ಜಾಗದ ಸಂಸಾರವೇ ಬೇರೆ, ನಾಲ್ಕು ಹೆಜ್ಜೆಗೆ ನೆರೆಹೊರೆ ಬದಲಾಗುತ್ತದೆ ಎನ್ನುತ್ತಾಳೆ. ಅದನ್ನೇ ಸಂಶೋಧನೆಯ ಹುಡುಗಿ ಮುನ್ನೂರು ಪುಟ ಬರೆಯುತ್ತಿದ್ದಳು. ಅವಳು ನೆಚ್ಚಿಕೊಂಡದ್ದೆಲ್ಲ ಚೌಕದಕ್ಕನ ಎಣಿಕೆಯನ್ನೇ. ಅಕ್ಕ ಏಳು ಎಂದರೆ ಏಳು. ಮತ್ತೊಬ್ಬರು ಬಗ್ಗಿ ನೋಡುವ ಮಾತೇ ಇರಲಿಲ್ಲ. ಬಾಯಿಬಿಟ್ಟು ಹೇಳಿಕೊಳ್ಳದಿದ್ದರೂ ಚೌಕದಕ್ಕನಿಗೆ ಅದೊಂದು ಹೆಮ್ಮೆ.

ಪ್ರಬಂಧ ಮುಗಿಯುವ ಹೊತ್ತಿಗೆ ಹದಿನೇಳನೇ ಚೌಕ ತಕರಾರು ತೆಗೆಯಿತು. ಅದು ಬೋಳು ಬಿಸಿಲಿನ ಜಾಗ, ಮಣ್ಣು ಒಂದು ಗೇಣೂ ಇಲ್ಲ. ಇರುವೆ ಬಿಟ್ಟರೆ ಅಲ್ಲಿ ಯಾರೂ ಇರಬಾರದು. ಎಣಿಕೆಯ ಪುಸ್ತಕ ತೆರೆದರೆ ವರ್ಷವರ್ಷವೂ ಎರೆಹುಳು, ಸಹಸ್ರಪದಿ, ಸಾಸಿವೆ ಗಾತ್ರದ ಬಸವನಹುಳು. ಹುಡುಗಿ ಮೂರು ದಿನ ತಲೆ ಕೆರೆದುಕೊಂಡು, ಕೆಳಗೆಲ್ಲೋ ಒರತೆ ಇರಬೇಕೆಂದು ತೀರ್ಮಾನಿಸಿ, ಒಂದು ಅಧ್ಯಾಯವನ್ನೇ ಬರೆದಳು. ಸೋಮವಾರ ಅದನ್ನು ಪ್ರೊಫೆಸರಿಗೆ ಒಪ್ಪಿಸುವವಳಿದ್ದಳು.

ಗುರುವಾರ ಮಧ್ಯಾಹ್ನ ಊಟ ಮುಗಿಸಿ, ಡಬ್ಬಿ ಗಲಬರಿಸಿ, ಎಂದಿನಂತೆ ಪಕ್ಕಕ್ಕೆ ನೀರು ಚೆಲ್ಲಿದ ಚೌಕದಕ್ಕನ ಕೈ ಹಾಗೇ ನಿಂತಿತು. ಅವಳು ದಿನಾ ಕೂರುವ ಚಪ್ಪಟೆ ಕಲ್ಲು ಹದಿನೇಳರ ಮೇಲ್ಗಡೆಯೇ ಇತ್ತು. ಚೆಲ್ಲಿದ ನೀರು ಕಲ್ಲಿನ ಸಂದಿಯಲ್ಲಿ ನುಸುಳಿ ನೇರ ಚೌಕದೊಳಕ್ಕೆ ಇಳಿಯುತ್ತಿತ್ತು. ಮೇಲಿನ ಪಸೆ ಬಿಸಿಲಿಗೆ ಕ್ಷಣದಲ್ಲಿ ಆರಿಹೋಗುವುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹನ್ನೊಂದು ವರ್ಷ ಆ ಚೌಕದ ಒರತೆ ಅವಳೇ ಆಗಿದ್ದಳು.

ಅವಳಿಗೆ ನಗು ಬಂತು, ಬೆನ್ನಿಗೇ ಚಿಂತೆಯೂ ಹತ್ತಿತು. ಹೇಳಿದರೆ ಹುಡುಗಿಯ ಅಧ್ಯಾಯ ಹೋಯಿತು, ತನ್ನ ಎಣಿಕೆಯ ಮರ್ಯಾದೆಯೂ ಹೋಯಿತು. ಒಂದರಲ್ಲಿ ಎಡವಿದವಳು ಉಳಿದ ಮೂವತ್ತೊಂಬತ್ತರಲ್ಲಿ ಏನೇನು ಮಾಡಿದ್ದಾಳೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು; ಬಾಯಿಗೆ ಬೀಗ ಹಾಕಿಕೋ ಎಂಬುದೇ ಅಂದು ರಾತ್ರಿ ಗಂಡನ ಸಲಹೆಯೂ ಆಗಿತ್ತು. ಆದರೆ ಇಲ್ಲದ ಒರತೆಯನ್ನು ಇದೆ ಎಂದು ಬರೆಯಲು ಬಿಡುವುದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ.

ಶುಕ್ರವಾರ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ನಿಂತು ಹೇಳಿಬಿಟ್ಟಳು.

"ತಂಗೀ, ಅಲ್ಲಿ ಒರತೆ ಗಿರತೆ ಏನೂ ಇಲ್ಲ. ನನ್ನ ಊಟದ ಡಬ್ಬಿ ತೊಳೆದ ನೀರು ಅದು."

ಹುಡುಗಿಯ ಮುಖ ಸಪ್ಪಗಾಯಿತು. ಆಮೇಲೆ ದಿನಕ್ಕೆಷ್ಟು ನೀರು, ರಜೆಯಲ್ಲಿ ಏನಾಗುತ್ತಿತ್ತು ಎಂದು ಒಂದೊಂದೇ ಕೇಳತೊಡಗಿದಳು. ಕೇಳುತ್ತ ಕೇಳುತ್ತ ಪೆನ್ನು ಕೈಗೆ ಬಂತು. ಎರಡು ಲೋಟ ನೀರಿಗೆ ಅಷ್ಟು ದೊಡ್ಡ ಸಂಸಾರ ಬಂದು ನೆಲೆಸಿದ್ದು ನಿಜವೇ ಆದರೆ, ಅದು ಇನ್ನೊಂದು ಒಣ ಚೌಕದಲ್ಲೂ ಆಗಬೇಕಲ್ಲ? ಪ್ರೊಫೆಸರು ಗೊಣಗುತ್ತಲೇ ಆರು ತಿಂಗಳು ಹೆಚ್ಚಿಗೆ ಕೊಟ್ಟರು.

ಅಂದಿನಿಂದ ಡಬ್ಬಿ ತೊಳೆಯುವುದೂ ಕಾಲೇಜಿನ ಕೆಲಸವಾಯಿತು. ಇಪ್ಪತ್ತಮೂರನೇ ಚೌಕಕ್ಕೆ ದಿನಾ ಎರಡು ಲೋಟ, ಅಳೆದು. ಗಂಡ ನಕ್ಕು ನಕ್ಕು ಸುಸ್ತಾಗಿ, ಮನೆಯ ಪಾತ್ರೆಗಳಿಗೂ ಒಂದು ಚೌಕ ಹಾಕಿಸು ಎಂದ.

ಐದನೇ ತಿಂಗಳು ಒಂದು ಬೆಳಿಗ್ಗೆ ಅಲ್ಲಿ ಎಲೆ ಮಗುಚಿದರೆ, ಅಡಿಯಲ್ಲಿ ಸಾಸಿವೆ ಗಾತ್ರದ್ದೊಂದು ಅಂಟಿಕೊಂಡಿತ್ತು. ಚೌಕದಕ್ಕನಿಗೆ ಹಿಗ್ಗೋ ಹಿಗ್ಗು. ಆದರೂ ಅಳುಕು ಹೋಗಿರಲಿಲ್ಲ. ನಾಲ್ಕು ಮಾರು ಆಚೆ ಪುಸ್ತಕ ಹಿಡಿದು ಕೂತಿದ್ದ ಹುಡುಗಿಯನ್ನು ಕರೆದಳು.

"ಬಸವನಹುಳು ಬಂದಿದೆ. ಬಾ, ನೀನೂ ಒಂದ್ಸಲ ನೋಡಿಬಿಡು. ನನ್ನೊಬ್ಬಳ ಮಾತು ಬೇಡ."

"ಎಷ್ಟಿದೆ ಅಕ್ಕಾ?"

"ಒಂದು."

ಹುಡುಗಿ ಎದ್ದು ಬರಲಿಲ್ಲ. ಕೂತಲ್ಲೇ ಪುಸ್ತಕದಲ್ಲಿ ಒಂದು ಎಂದು ಬರೆದುಕೊಂಡಳು.