ಮೀಟರಮ್ಮ

ಅರಿವಳಿಕೆ ಕೊಡುವ ಡಾಕ್ಟರಮ್ಮನಿಗೆ ಆಪರೇಷನ್ ಕೋಣೆಯವರು ಬೆನ್ನ ಹಿಂದೆ ಇಟ್ಟ ಹೆಸರು ಮೀಟರಮ್ಮ. ಉಸಿರಾಟದ ಕೊಳವೆಗಳಲ್ಲಿ ಒಂದು ಅಳತೆ ಚಿಕ್ಕದನ್ನೇ ಆರಿಸಿ, ಸೂಜಿಗೆ ದಾರ ಪೋಣಿಸುವಷ್ಟು ನಾಜೂಕಾಗಿ ಗಂಟಲಿಗಿಳಿಸುತ್ತಾಳೆ. ಕೊಳವೆಯ ತುದಿಯ ಪುಟ್ಟ ಬಲೂನಿಗೆ ಬೇರೆಯವರು ಅಂದಾಜಿನಲ್ಲಿ ಗಾಳಿ ತುಂಬಿದರೆ, ಅದು ಉಬ್ಬಿ ಗಂಟಲನ್ನು ಒತ್ತಬಾರದೆಂದು ಇವಳು ಮೀಟರು ಹಚ್ಚಿ ಒತ್ತಡ ಅಳೆಯುತ್ತಾಳೆ, ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯುತ್ತಾಳೆ. ಮನೆಯಲ್ಲಿ ಹಾಲು ಉಕ್ಕಿದರೂ ತಿರುಗಿ ನೋಡದವಳು, ಇಲ್ಲಿ ಮುಳ್ಳು ಒಂದು ಗೆರೆ ಮೇಲೇರಿದರೆ ಹುಬ್ಬು ಗಂಟಿಕ್ಕುತ್ತಾಳೆ. "ಗಂಟಲು ನೋವು ತಾನೇ ಮೇಡಂ, ಎರಡು ದಿನಕ್ಕೆ ಹೋಗುತ್ತೆ. ನನಗೆ ಹೊಟ್ಟೆ ಕೊಯ್ಯೋಕೆ ಬಿಡ್ತೀರಾ?" ಎಂದು ಸರ್ಜನ್ ಗೊಣಗಿದರೆ, "ಎರಡು ದಿನ ನೀವು ಬಾಯಿ ಮುಚ್ಕೊಂಡಿರಿ ಸಾರ್, ಆಮೇಲೆ ಮಾತಾಡೋಣ" ಎನ್ನುತ್ತಾಳೆ. ನರ್ಸುಗಳು ಮಾಸ್ಕಿನೊಳಗೇ ನಗುತ್ತಾರೆ. ಮೇಜಿನ ಮೇಲೆ ಮಲಗಿದವರು ಹೆಂಗಸಾದರಂತೂ ಡಾಕ್ಟರಮ್ಮನ ಹಟ ಇಮ್ಮಡಿ. ಇವಳು ಚಿಕ್ಕವಳಿದ್ದಾಗ ಇವಳ ಅಮ್ಮ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಾಗ ಕೊಳವೆ ಒತ್ತಿ ಗಂಟಲು ಹುಣ್ಣಾಗಿ, ನಾಲ್ಕು ದಿನ ದನಿಯೇ ಹೊರಡಲಿಲ್ಲ. ಗುಟುಕು ನೀರಿಗೂ ಯಾರನ್ನೂ ಕರೆಯಲಾಗದೆ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ತಾನೇ ಅಡುಗೆಮನೆಗೆ ನಡೆದಳು. "ಮನೆ ಈಗ ಎಷ್ಟು ನೆಮ್ಮದಿಯಾಗಿದೆ ಗೊತ್ತಾ!" ಎಂದು ಅಪ್ಪ ನೆಂಟರಿಗೆ ಹೇಳಿದಾಗ ಎಲ್ಲರೂ ನಕ್ಕರು, ಹನ್ನೊಂದು ವರ್ಷದ ಇವಳೂ ನಕ್ಕಿದ್ದಳು. ಈಗ ಆಪರೇಷನ್ನಿನ ಮರುದಿನ ತಪ್ಪದೆ ವಾರ್ಡಿಗೆ ಹೋಗುತ್ತಾಳೆ. ಗಂಡ, ಮಕ್ಕಳು, ಅತ್ತೆ ಎಲ್ಲರನ್ನೂ ಬಾಗಿಲಾಚೆ ನಿಲ್ಲಿಸಿ, ಹಾಸಿಗೆಯಲ್ಲಿರುವವಳ ಕಿವಿಯ ಬಳಿ ಬಾಗಿ ಹೇಳುತ್ತಾಳೆ: "ಒಂದು ಲೋಟ ನೀರು ತನ್ನಿ ಅಂತ ಜೋರಾಗಿ ಕೂಗಮ್ಮ. ಅವರು ತರೋ ತನಕ ನಾನು ಇಲ್ಲಿಂದ ಕದಲಲ್ಲ."